ಹೊಯ್ಗೆಯ ಮೇಲಿನ ಸಂಗೀತ ಹಬ್ಬ ಮತ್ತು ಟೆಂಟಿನೊಳಗಿನ ಮಗು: ಜಿಲ್ಲಾಡಳಿತಕ್ಕೂ ಸಂಘಟಕರಿಗೂ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ, ನಮ್ಮ ಕಡಲ ತೀರದಲ್ಲಿ ಸಂಗೀತ ಹಬ್ಬ ನಡೆಸುವ ಎಲ್ಲ ಸಂಘಟಕರಿಗೆ,

ನಮಸ್ಕಾರ.

ಮಳೆಗಾಲ ಮುಗಿದು ಕಡಲು ಶಾಂತವಾಯಿತೆಂದರೆ ನಮ್ಮ ಕರಾವಳಿಯಲ್ಲಿ ಒಂದರ ಹಿಂದೆ ಒಂದು ಹಬ್ಬ. ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಮಂಗಳೂರಿನ ಕರಾವಳಿ ಉತ್ಸವ, ಮೂಡುಬಿದಿರೆಯ ಆಳ್ವಾಸ್ ವಿರಾಸತ್, ಅಲ್ಲಲ್ಲಿ ಬೀಚ್ ಉತ್ಸವ. ಈಚೆಗೆ ಇವುಗಳ ಸಾಲಿಗೆ ಇನ್ನೊಂದು ಬಗೆ ಸೇರಿಕೊಂಡಿದೆ. ಹೊಯ್ಗೆಯ, ಅಂದರೆ ಕಡಲ ಮರಳಿನ ಮೇಲೆ ವೇದಿಕೆ, ಗಾಳಿಮರದ ತೋಪಿನಲ್ಲಿ ಸಾಲು ಟೆಂಟು, ಸಂಜೆಯಿಂದ ಸಂಗೀತ, ರಾತ್ರಿ ಅಲ್ಲೇ ವಾಸ. ಕಾಲೇಜು ಮುಗಿಸಿದ ಹುಡುಗ ಹುಡುಗಿಯರಿಗಾಗಿ ಶುರುವಾದದ್ದು ಇದು. ಆ ಹುಡುಗ ಹುಡುಗಿಯರಿಗೆ ಈಗ ಮದುವೆಯಾಗಿ ಮಕ್ಕಳಾಗಿವೆ. ಸಂಗೀತದ ಹುಚ್ಚು ಮಾತ್ರ ಹೋಗಿಲ್ಲ. ಅವರು ಮಕ್ಕಳನ್ನು ಕಟ್ಟಿಕೊಂಡೇ ಬರುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಸುರತ್ಕಲ್ ಕಡೆಯವಳು, ಎರಡು ಮಕ್ಕಳ ತಾಯಿ. ದೊಡ್ಡವಳು ಅಂಗನವಾಡಿಗೆ ಹೋಗುತ್ತಾಳೆ, ಸಣ್ಣವನು ಇನ್ನೂ ಹಾಲು ಬಿಟ್ಟಿಲ್ಲ.

ನಾನು ಕೇಳುವುದು ಇಷ್ಟು: ರಾತ್ರಿ ವಾಸವಿರುವ ಸಂಗೀತ ಹಬ್ಬಕ್ಕೆ ಅನುಮತಿ ಕೊಡುವ ಮೊದಲು, ಸಣ್ಣ ಮಕ್ಕಳಿಗೆ ಏನೇನು ವ್ಯವಸ್ಥೆ ಮಾಡಿದ್ದೀರಿ ಎಂದು ಸಂಘಟಕರಿಂದ ಬರೆಯಿಸಿಕೊಳ್ಳಿ. ವಾಹನ ನಿಲುಗಡೆ, ಬೆಂಕಿ, ವಿದ್ಯುತ್, ಪೊಲೀಸ್ ಬಂದೋಬಸ್ತಿನ ಬಗ್ಗೆ ಕೇಳುವ ಹಾಗೆಯೇ ಇದನ್ನೂ ಕೇಳಿ. ಬರೆದು ಕೊಟ್ಟದ್ದು ಜಾಗದಲ್ಲಿ ಇದೆಯೋ ಇಲ್ಲವೋ ಎಂದು ಒಬ್ಬರು ಹೋಗಿ ನೋಡಲಿ. ಅದಾಗದೆ ಟೆಂಟು ಹಾಕಲು ಬಿಡಬೇಡಿ.

"ಐದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು ಸುಲಭ. ಸಭೆಗಳಲ್ಲಿ ಈ ಸಲಹೆ ಮೊದಲು ಬರುತ್ತದೆ ಎಂದು ನನಗೆ ಗೊತ್ತು. ದಯವಿಟ್ಟು ಅದನ್ನು ಒಪ್ಪಬೇಡಿ. ಹಾಲು ಕುಡಿಯುವ ಮಗುವಿಗೆ ಬಾಗಿಲು ಹಾಕಿದರೆ ಹೊರಗೆ ಉಳಿಯುವವಳು ತಾಯಿ. ಅಪ್ಪ ಗೆಳೆಯರ ಜೊತೆ ಹೋಗಿ ಬರುತ್ತಾನೆ, ಫೋಟೋ ಕಳಿಸುತ್ತಾನೆ. ಅವಳು ಮನೆಯಲ್ಲಿ ಮಗುವಿಗೆ ರಾಗಿ ಮಣ್ಣಿ ತಿನ್ನಿಸಿಕೊಂಡು ಆ ಫೋಟೋ ನೋಡಬೇಕು. ಹೆರಿಗೆಯಾದ ಮೇಲೆ ಹೆಣ್ಣುಮಕ್ಕಳಿಗೆ ಒಂದೊಂದಾಗಿ ಮುಚ್ಚಿಕೊಳ್ಳುವ ಬಾಗಿಲುಗಳೇ ಸಾಕಷ್ಟಿವೆ. ಸರಕಾರಿ ಜಾಗದಲ್ಲಿ, ಸರಕಾರದ ಅನುಮತಿಯಿಂದ ನಡೆಯುವ ಹಬ್ಬ ಅದಕ್ಕೆ ಇನ್ನೊಂದನ್ನು ಸೇರಿಸಬಾರದು.

ಅದೂ ಅಲ್ಲದೆ ರಾತ್ರಿಯಿಡೀ ನಡೆಯುವ ಕಲೆಗೆ ಮಗುವನ್ನು ಕರೆದೊಯ್ಯುವುದು ಈ ಮಣ್ಣಿಗೆ ಹೊಸತೇ? ಬಯಲಾಟಕ್ಕೆ ಮಕ್ಕಳನ್ನು ಎತ್ತಿಕೊಂಡು ಹೋಗದ ಮನೆ ನಮ್ಮಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಚಾಪೆ ಹಾಸಿ, ಇಬ್ಬನಿ ಬೀಳದ ಹಾಗೆ ಮಗುವಿನ ತಲೆಗೆ ಬೈರಾಸು ಸುತ್ತಿ ಮಲಗಿಸುತ್ತಿದ್ದರು. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಬೊಬ್ಬೆ ಹಾಕುತ್ತಾ ಬರುವ ಹೊತ್ತಿಗೆ ಎದ್ದು ಕೂತು, ಬೆದರಿ ಅತ್ತು, ಅಜ್ಜಿಯ ಸೆರಗಿನೊಳಗೆ ಮತ್ತೆ ನಿದ್ದೆ ಹೋದ ಮಕ್ಕಳೇ ದೊಡ್ಡವರಾಗಿ ಮೇಳಗಳಿಗೆ ವೇಷ ಕಟ್ಟಿದ್ದು, ಭಾಗವತರಾದದ್ದು. ಕಲೆ ಕಿವಿಗೆ ಬೀಳಬೇಕಾದ ವಯಸ್ಸು ಅದೇ.

ಆದರೆ ಬಯಲಾಟದಲ್ಲಿ ಮಗುವನ್ನು ಕಾಯುತ್ತಿದ್ದದ್ದು ತಾಯಿ ಒಬ್ಬಳೇ ಅಲ್ಲ. ಗದ್ದೆ ಯಾರದೆಂದು ಗೊತ್ತು, ಪಕ್ಕದ ಚಾಪೆಯಲ್ಲಿ ಇರುವವರು ಯಾರೆಂದು ಗೊತ್ತು. ಮಗು ಎದ್ದು ನಾಲ್ಕು ಹೆಜ್ಜೆ ಹಾಕಿದರೆ "ಇದು ಇಂಥವರ ಮನೆಯದಲ್ಲವಾ" ಎಂದು ಎತ್ತಿ ತಂದು ಕೂರಿಸುವವರು ಸುತ್ತ ಇರುತ್ತಿದ್ದರು. ಬಿಸಿನೀರು ಬೇಕೆಂದರೆ ಹತ್ತಿರದ ಮನೆಯ ಬಾಗಿಲು ತಟ್ಟಬಹುದಿತ್ತು. ಸಾಕೆನಿಸಿದರೆ ಟಾರ್ಚು ಹಿಡಿದು ಮನೆಗೆ ನಡೆಯಬಹುದಿತ್ತು. ಟಿಕೆಟ್ ಕೊಂಡು ಬಂದ ಸಾವಿರಾರು ಅಪರಿಚಿತರ ನಡುವೆ, ಬೇಲಿ ಹಾಕಿದ ತೋಪಿನೊಳಗೆ ಇದು ಯಾವುದೂ ಇರುವುದಿಲ್ಲ. ಊರು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾರಾದರೂ ಹೊಣೆ ಹೊತ್ತು ಮಾಡಬೇಕು. ಹಣ ತೆಗೆದುಕೊಳ್ಳುವವರು ಅದನ್ನು ಮಾಡಲಿ, ಅನುಮತಿ ಕೊಡುವವರು ಮಾಡಿಸಲಿ.

ಮೊದಲು ಶಬ್ದದ ವಿಷಯ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ಹಗುರವಾಗಿ ತೆಗೆದುಕೊಳ್ಳುತ್ತಿರುವುದು ಇದನ್ನೇ.

ಎಳೆಗೂಸಿನ ಕಿವಿಯ ಕಾಲುವೆ ಸಣ್ಣದು. ಆ ಕಾರಣಕ್ಕೇ ಅದೇ ಶಬ್ದ, ಅದರಲ್ಲೂ ತಾರದ ಸ್ವರಗಳು, ಅದರ ಕಿವಿಯೊಳಗೆ ನಮಗಿಂತ ಜೋರಾಗಿ ಬೀಳುತ್ತವೆ. ಸುರಕ್ಷಿತವಾಗಿ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಲೆಕ್ಕ ದೊಡ್ಡವರಿಗೆ 80 ಡೆಸಿಬಲ್, ವಾರಕ್ಕೆ 40 ಗಂಟೆ. ಮಕ್ಕಳಿಗೆ ಅದು 75ಕ್ಕೆ ಇಳಿಯುತ್ತದೆ. ಪ್ರತಿ 3 ಡೆಸಿಬಲ್ ಏರಿದ ಹಾಗೂ ಹೊತ್ತು ಅರ್ಧವಾಗುತ್ತಾ ಹೋಗುತ್ತದೆ: 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5. ಹೀಗೆ ಎಣಿಸುತ್ತಾ 99ಕ್ಕೆ ಬಂದರೆ ಇಡೀ ವಾರಕ್ಕೆ ಮಗುವಿನ ಪಾಲಿಗೆ ಉಳಿಯುವುದು ಹತ್ತು ನಿಮಿಷಕ್ಕೂ ಕಡಿಮೆ. ಅದೇ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆಂದು ಹೊರಡಿಸಿದ ಮಾನದಂಡದಲ್ಲಿ ಸರಾಸರಿ 100 ಡೆಸಿಬಲ್ ಮೀರಬಾರದು ಎಂದಿದೆ. ಅದು ಪ್ರೇಕ್ಷಕರು ನಿಲ್ಲುವ ಜಾಗಕ್ಕೆ ಹಾಕಿದ ಮೇಲಿನ ಗೆರೆ. ತೊಟ್ಟಿಲ ಮಗುವಿನ ಪಕ್ಕಕ್ಕೆ ಹಾಕಿದ್ದಲ್ಲ. ಹೀಗಿರುವಾಗ ವೇದಿಕೆಯ ಎದುರಿಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ಅಪ್ಪಂದಿರನ್ನು ನೋಡಿದರೆ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಒಳಕಿವಿಯ ಕೂದಲ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ದೂರವೇ ಇದಕ್ಕೆ ಮೊದಲ ಮದ್ದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ 25 ಮೀಟರಿನಲ್ಲಿ 100 ಇದ್ದದ್ದು 50 ಮೀಟರಿನಲ್ಲಿ 94, 100ರಲ್ಲಿ 88, 200ರಲ್ಲಿ 82, 400ರಲ್ಲಿ 76. ಇದು ಕಾಗದದ ಲೆಕ್ಕ. ಕಡಲ ತೀರದಲ್ಲಿ ಗಾಳಿ ಅದನ್ನು ಬದಲಿಸುತ್ತದೆ. ನಮ್ಮಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಪಡುಗಾಳಿ, ಅಂದರೆ ಕಡಲಿನಿಂದ ನೆಲಕ್ಕೆ. ರಾತ್ರಿ ಬಲಿತ ಮೇಲೆ ಅದು ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಕಡಲಿಗೆ ಬೆನ್ನು ಹಾಕಿ ವೇದಿಕೆ ಕಟ್ಟಿ, ಅದರ ಎದುರಿನ ಗಾಳಿಮರದ ತೋಪಿನಲ್ಲೇ ಟೆಂಟು ಹಾಕಿದರೆ ಸಂಜೆಯ ಗಾಳಿಯೂ ಸ್ಪೀಕರೂ ಒಟ್ಟಿಗೆ ಮಗುವಿನ ಕಡೆಗೇ ತಿರುಗಿರುತ್ತವೆ. ಕುಟುಂಬಗಳ ಟೆಂಟು ವೇದಿಕೆಯ ಪಕ್ಕಕ್ಕೆ, ತೀರದ ಉದ್ದಕ್ಕೆ ಸರಿದು, ಸ್ಪೀಕರುಗಳ ಹಿಂಬದಿಗೆ ಇರಬೇಕು. ನಮ್ಮ ಬೀಚುಗಳು ಉದ್ದಕ್ಕೆ ಕಿಲೋಮೀಟರುಗಟ್ಟಲೆ ಇವೆ, ಜಾಗಕ್ಕೇನೂ ಬರವಿಲ್ಲ. ಸಂಜೆ ಸೌಂಡ್ ಚೆಕ್ ಮಾಡುವಾಗ ಒಬ್ಬರು ಅಳೆಯುವ ಮೀಟರು ಹಿಡಿದು ಮಕ್ಕಳ ಟೆಂಟಿನ ಬಾಗಿಲಲ್ಲಿ ನಿಂತು ನೋಡಲಿ. ಅಲ್ಲಿ 75 ದಾಟಿದರೆ ಟೆಂಟು ಇನ್ನೂ ಆಚೆ ಹೋಗಲಿ, ಇಲ್ಲವೇ ಸದ್ದು ಇಳಿಯಲಿ. ಇದಕ್ಕೆ ಖರ್ಚೇನೂ ಇಲ್ಲ, ಒಬ್ಬರ ಅರ್ಧ ಗಂಟೆ ಸಾಕು.

ಕಾನೂನಂತೂ ಇದ್ದೇ ಇದೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವ ಹಾಗಿಲ್ಲ. ಹಬ್ಬ ಉತ್ಸವಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲಿಸಬಹುದು. ಈ ನಿಯಮದ ಬಿಸಿ ಯಕ್ಷಗಾನಕ್ಕೂ ತಟ್ಟಿದೆ. ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಆಟದ ಬಗ್ಗೆ ನಮ್ಮೂರುಗಳಲ್ಲಿ ಎಷ್ಟು ಚರ್ಚೆ ನಡೆಯಿತೆಂದು ಎಲ್ಲರಿಗೂ ಗೊತ್ತು. ಮೇಳಗಳಿಗೆ ಹೇಳಿದ ಮಾತನ್ನು ಬೀಚಿನ ಸಂಗೀತದವರಿಗೂ ಹೇಳಬೇಕು. ಆದರೆ ತಾಯಂದಿರಿಗೆ ಗೊತ್ತಿರುವ ಇನ್ನೊಂದು ಸತ್ಯವಿದೆ: ವೇದಿಕೆ ನಿಂತ ಮೇಲೆಯೇ ಟೆಂಟುಗಳ ನಡುವೆ ಬ್ಲೂಟೂತ್ ಸ್ಪೀಕರುಗಳು ಶುರುವಾಗುತ್ತವೆ. ಮಕ್ಕಳಿರುವ ಭಾಗಕ್ಕೆ ಪ್ರತ್ಯೇಕ ಬೇಲಿ, ಅಲ್ಲಿ ಸ್ಪೀಕರಿಗೆ ಅವಕಾಶವಿಲ್ಲ ಎಂಬ ಕಟ್ಟುನಿಟ್ಟು, ರಾತ್ರಿ ಓಡಾಡಿ ನೋಡುವ ಒಬ್ಬರು, ಇವು ಇಲ್ಲದಿದ್ದರೆ ಹತ್ತು ಗಂಟೆಯ ನಿಯಮದಿಂದ ಮಗುವಿನ ನಿದ್ದೆಗೆ ಏನೂ ಸಿಗುವುದಿಲ್ಲ.

ಮಕ್ಕಳ ಕಿವಿಗೆ ಹಾಕುವ ಮಫ್ ಪ್ರವೇಶದ ಬಾಗಿಲಲ್ಲೇ ಬಾಡಿಗೆಗೆ ಸಿಗಲಿ. ತಲೆಯ ಮೇಲಿಂದ ಬಂದು ಎರಡೂ ಕಿವಿಯನ್ನು ಮುಚ್ಚುವಂಥದ್ದು ಸರಿಯಾಗಿ ಕೂತರೆ 20 ಡೆಸಿಬಲ್‌ನಷ್ಟು ತಗ್ಗಿಸುತ್ತದೆ. ಹತ್ತಿ ತುರುಕಿದರೆ ಏನೂ ಆಗುವುದಿಲ್ಲ. ಕಿವಿಯೊಳಗೆ ಹಾಕುವ ಸಣ್ಣ ಬೆಣೆಗಳನ್ನು ಎಳೆ ಮಕ್ಕಳಿಗೆ ಕೊಡಲೇಬಾರದು, ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಫ್ ಇದೆ ಎಂದು ವೇದಿಕೆಯ ಬುಡಕ್ಕೆ ಹೋಗಬಹುದು ಎಂದೇನೂ ಇಲ್ಲ. ನಡೆದು ದಾಟುವ ಹೊತ್ತಿಗೆ, ದೂರ ಕೂತು ಕೇಳುವ ಹೊತ್ತಿಗೆ ಅದು.

ಇನ್ನು ಟೆಂಟು. ಇದರ ಬಗ್ಗೆ ನಾವು ಮೊಬೈಲಿನಲ್ಲಿ ಓದುವ ಸಲಹೆಗಳೆಲ್ಲ ಬಂದಿರುವುದು ಇಂಗ್ಲೆಂಡಿನ ಕಡೆಯಿಂದ. ಅಲ್ಲಿ ಮಕ್ಕಳನ್ನು ಸಂಗೀತ ಹಬ್ಬಕ್ಕೆ ಕರೆದೊಯ್ಯುವ ರೂಢಿ ಹಳೆಯದು. ಸಾಮರ್‌ಸೆಟ್‌ನ ಹೊಲವೊಂದರಲ್ಲಿ 1970ರಲ್ಲಿ ಶುರುವಾದ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದಲ್ಲಿ ಹನ್ನೆರಡು ವರ್ಷ ಮತ್ತು ಅದಕ್ಕಿಂತ ಸಣ್ಣ ಮಕ್ಕಳಿಗೆ ಪ್ರವೇಶ ಉಚಿತ, ಕುಟುಂಬಗಳಿಗೆಂದೇ ಬೇರೆ ಬಯಲುಗಳಿವೆ, ಮಕ್ಕಳದ್ದೇ ಒಂದು ಆಟದ ಹೊಲವಿದೆ. 2008ರಿಂದ ನಡೆಯುವ ಕ್ಯಾಂಪ್ ಬೆಸ್ಟಿವಲ್ ಎಂಬ ಹಬ್ಬವನ್ನು ಕುಟುಂಬಗಳಿಗೆಂದೇ ಕಟ್ಟಿದ್ದು. ಅವರಿಂದ ಕಲಿಯುವುದು ಬಹಳ ಇದೆ. ಆದರೆ ಅವರ ಜೂನ್ ತಿಂಗಳ ರಾತ್ರಿ ಚಳಿ, ನೆಲ ಕೆಸರು. ಅವರು ಉಣ್ಣೆಯ ಬಟ್ಟೆ, ಗಂಬೂಟು, ಮಗುವನ್ನು ಕೂರಿಸಿ ಎಳೆಯುವ ಗಾಡಿ ತನ್ನಿ ಎನ್ನುತ್ತಾರೆ. ನಮ್ಮಲ್ಲಿ ಗಾಡಿಯ ಚಕ್ರ ಹೊಯ್ಗೆಯಲ್ಲಿ ಎರಡು ಮೊಳ ಹೋಗಿ ಹೂತುಕೊಳ್ಳುತ್ತದೆ. ಮೈಗೆ ಕಟ್ಟಿಕೊಳ್ಳುವ ಜೋಲಿಯೇ ಸರಿ. ಉಣ್ಣೆ ಹಾಕಿದರೆ ಮಗು ಬೆಂದು ಹೋದೀತು.

ನಮ್ಮ ಕಷ್ಟ ಸೆಕೆ. ಡಿಸೆಂಬರಿನಲ್ಲೂ ಹಗಲು 32, 33 ಡಿಗ್ರಿ. ಬಿಸಿಲು ಬಿದ್ದ ಟೆಂಟಿನ ಒಳಗೆ ಬೆಳಿಗ್ಗೆ ಎಂಟರ ಹೊತ್ತಿಗೇ ಕೂರಲಾಗುವುದಿಲ್ಲ. ಎಳೆಗೂಸಿಗೆ ಮೈಯ ಬಿಸಿಯನ್ನು ಸರಿದೂಗಿಸಿಕೊಳ್ಳುವ ಶಕ್ತಿ ಕಡಿಮೆ. ಆರು ತಿಂಗಳೊಳಗಿನ ಮಗುವಿಗೆ ಎದೆಹಾಲೇ ನೀರು, ಬೇರೆ ನೀರು ಕೊಡುವ ಹಾಗಿಲ್ಲ. ಸೆಕೆಯಲ್ಲಿ ಮಗು ಹೆಚ್ಚು ಸಲ ಹಾಲು ಕೇಳುತ್ತದೆ, ಅಂದರೆ ತಾಯಿ ಹೆಚ್ಚು ನೀರು ಕುಡಿಯಬೇಕು, ಅಂದರೆ ಅವಳಿಗೆ ಹತ್ತಿರದಲ್ಲಿ ಶುದ್ಧವಾದ ಶೌಚಾಲಯ ಬೇಕು. ಶೌಚಾಲಯ ದೂರ, ಕತ್ತಲೆ, ಗಲೀಜು ಎಂದು ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಎಷ್ಟೋ ಜನ. ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆ ನೇರವಾಗಿ ಮಗುವಿನ ಹಾಲಿಗೆ ಸಂಬಂಧಿಸಿದ್ದು ಎಂದು ಪುರುಷ ಅಧಿಕಾರಿಗಳು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು.

ರಾತ್ರಿಯ ಕಥೆ ಬೇರೆ. ಇಬ್ಬನಿ ಇಳಿಯುತ್ತದೆ, ಟೆಂಟಿನ ಬಟ್ಟೆಯ ಒಳಮೈಯಲ್ಲೂ ನಮ್ಮ ಉಸಿರಿನ ತೇವ ಹನಿಗಟ್ಟುತ್ತದೆ. ಆ ಹನಿ ಮಗುವಿನ ಮುಖದ ಮೇಲೆ ಬೀಳುವುದನ್ನು ನೋಡಿದವರಿಗೆ ಮೇಲಿನ ಹೊದಿಕೆ ಬೇರೆ, ಒಳಗಿನ ಬಲೆ ಬೇರೆ ಇರುವ ಟೆಂಟು ಯಾಕೆ ಬೇಕೆಂದು ತಿಳಿಯುತ್ತದೆ. ಬಾಡಿಗೆಗೆ ಕೊಡುವ ಟೆಂಟುಗಳಲ್ಲಿ ಗಾಳಿ ಆಡಲು ಎದುರುಬದುರು ಎರಡು ಕಿಂಡಿ ಇರುವಂಥವನ್ನೇ ಕುಟುಂಬಗಳಿಗೆ ಕೊಡಬೇಕು. ಗಾಳಿ ತುಂಬುವ ಹಾಸಿಗೆಯ ಮೇಲೆ ಎಳೆಗೂಸನ್ನು ಮಲಗಿಸಬಾರದು, ಮೆತ್ತಗಿನ ಬದಿಗೆ ಉರುಳಿ ಮೂಗು ಮುಚ್ಚಿಕೊಂಡೀತು. ಗಟ್ಟಿಯಾದ, ಸಮತಟ್ಟಾದ ಹಾಸು, ಬೆನ್ನಿನ ಮೇಲೆ ಮಲಗಿಸಬೇಕು, ದಿಂಬು ಬೇಡ. ಇದರ ಜೊತೆ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಕುಡಿದವರು ಮಗುವಿನ ಪಕ್ಕ ಮಲಗಕೂಡದು. ನಿದ್ದೆಯಲ್ಲಿ ಮಗುವಿನ ಮೇಲೆ ಕೈ ಬಿದ್ದರೂ ಅವರಿಗೆ ಎಚ್ಚರವಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಆ ರಾತ್ರಿ ಲೋಟ ಮುಟ್ಟಬಾರದು.

ಸೊಳ್ಳೆಯ ಬಗ್ಗೆ ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಲೇರಿಯಾ ನಮ್ಮ ನಗರವನ್ನು ಎಷ್ಟು ವರ್ಷ ಕಾಡಿತೆಂದು ಮನೆಮನೆಗೂ ಗೊತ್ತು. ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚುತ್ತದೆ, ಡೆಂಗಿಯದ್ದು ಹಗಲು. ಹಾಗಾಗಿ ಬಿಡುವೇ ಇಲ್ಲ. ಎರಡು ತಿಂಗಳೊಳಗಿನ ಮಗುವಿನ ಮೈಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚುವ ಹಾಗಿಲ್ಲ, ಅದಕ್ಕೆ ಬಲೆಯೊಂದೇ ಗತಿ. ಟೆಂಟಿನೊಳಗೆ ಸೊಳ್ಳೆ ಬತ್ತಿ ಹಚ್ಚುವುದು ಹೊಗೆಗೂ ಕೆಟ್ಟದು, ಬೆಂಕಿಗೂ ಕೆಟ್ಟದು. ಗಾಳಿಮರದ ತೋಪಿನ ನೆಲ ಎಂದರೆ ಒಣಗಿದ ಸೂಜಿ ಎಲೆಗಳ ಹಾಸು. ಒಂದು ಕಿಡಿ ಬಿದ್ದರೆ ಹತ್ತಿಕೊಳ್ಳಲು ಎಷ್ಟು ಹೊತ್ತು ಬೇಕು?

ಬೆಂಕಿಯ ಮಾತು ಬಂತು. ರಾತ್ರಿ ಹೊಯ್ಗೆಯ ಮೇಲೆ ಬೆಂಕಿ ಹಾಕಿ ಸುತ್ತ ಕೂರುವುದು ಚಂದವೇ. ಎದ್ದು ಹೋಗುವಾಗ ಕಾಲಿನಿಂದ ಹೊಯ್ಗೆ ಎಳೆದು ಮುಚ್ಚುತ್ತಾರಲ್ಲ, ಅಪಾಯ ಅಲ್ಲಿದೆ. ಹೊಯ್ಗೆಯ ಅಡಿಯಲ್ಲಿ ಕೆಂಡ ಆರುವುದಿಲ್ಲ, ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಮೇಲಿನಿಂದ ನೋಡಿದರೆ ಬೇರೆ ಹೊಯ್ಗೆಯ ಹಾಗೆಯೇ ಕಾಣುತ್ತದೆ, ಹೊಗೆಯೂ ಇರುವುದಿಲ್ಲ. ಬೆಳಿಗ್ಗೆ ಬೇಗ ಏಳುವವರು ಮಕ್ಕಳೇ, ಬರಿಗಾಲಲ್ಲಿ ಓಡುವವರೂ ಅವರೇ. ಸುಟ್ಟ ಪಾದವನ್ನು ಮಗು ತಕ್ಷಣ ಎತ್ತಿಕೊಳ್ಳಲು ತಿಳಿಯದೆ ಅಲ್ಲೇ ನಿಂತು ಕಿರುಚುತ್ತದೆ. ಬೆಂಕಿಯನ್ನು ನೀರು ಹೊಯ್ದೇ ಆರಿಸಬೇಕು, ಅದೂ ಸಾಕಷ್ಟು ನೀರು, ಕೈ ಹಿಡಿದು ನೋಡಿ ತಣ್ಣಗಾಗಿದೆ ಅನ್ನಿಸುವವರೆಗೆ. ಸಂಘಟಕರು ನಾಲ್ಕು ಕಡೆ ಕಲ್ಲು ಕಟ್ಟಿ, ಬೇಲಿ ಹಾಕಿ, ಬೆಂಕಿಗೆ ಜಾಗ ಗೊತ್ತು ಮಾಡಲಿ. ಉಳಿದೆಡೆ ಬೇಡ.

ನಾನು ಮಕ್ಕಳ ಜೊತೆ ಉಳಿದುಕೊಂಡಿದ್ದ ಒಂದು ಹಬ್ಬದಲ್ಲಿ ಕುಟುಂಬಗಳಿಗೆಂದು ಗುರುತಿಸಿದ್ದ ಜಾಗ ಡೀಸೆಲ್ ಜನರೇಟರಿನ ಬೆನ್ನಿಗಿತ್ತು. ಸಂಗೀತ ನಿಂತ ಮೇಲೂ ಅದು ನಿಲ್ಲಲಿಲ್ಲ. ಹೊಗೆಯ ಕೊಳವೆ ನಮ್ಮ ಕಡೆಗೆ ತಿರುಗಿತ್ತು. ಮಗಳು ಕೆಮ್ಮಲು ಶುರುಮಾಡಿದ ಮೇಲೆ ಟೆಂಟನ್ನು ಎತ್ತಿ ಆಚೆ ಹಾಕಬೇಕಾಯಿತು. ಪಕ್ಕದ ಟೆಂಟಿನ ಹುಡುಗರು ಗೂಟ ಕೀಳಲು ಬಂದರು, ಪುಣ್ಯಾತ್ಮರು. ಕೇಳಿದ್ದಕ್ಕೆ ಅಲ್ಲಿದ್ದ ಸ್ವಯಂಸೇವಕಿ "ಮೇಡಂ, ಮ್ಯಾಪಿನಲ್ಲಿ ಹೀಗೇ ಇದೆ" ಎಂದಳು. ಅವಳದ್ದೇನೂ ತಪ್ಪಿಲ್ಲ. ಮ್ಯಾಪ್ ಬರೆದವರ ಎದುರು ಮಗುವಿನ ಪ್ರಶ್ನೆಯನ್ನು ಯಾರೂ ಇಟ್ಟಿರಲಿಲ್ಲ, ಅಷ್ಟೇ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಟೆಂಟಿನೊಳಗೆ ತುಂಬಿಕೊಂಡರೆ ಮಲಗಿದವರು ಏಳುವುದಿಲ್ಲ. ಮಳೆ ಹನಿಯಿತೆಂದು ಇದ್ದಿಲ ಒಲೆಯನ್ನು ಟೆಂಟಿನೊಳಗೆ ತಂದಿಡುವವರಿಗೂ ಇದೇ ಮಾತು.

ಈಗ ಜಾಗದ ಬಗ್ಗೆ. ನಮ್ಮ ಚಂದದ ಬೀಚುಗಳಲ್ಲಿ ಹಲವು ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಸಪೂರ ಪಟ್ಟಿಗಳು. ತಣ್ಣೀರುಬಾವಿಯ ಬೆನ್ನಿಗೆ ಗುರುಪುರ ಹೊಳೆ, ಸಸಿಹಿತ್ಲುವಿನಲ್ಲಿ ಶಾಂಭವಿ ನಂದಿನಿಯರು ಕೂಡಿ ಕಡಲು ಸೇರುವ ಅಳಿವೆ, ಉಡುಪಿಯ ಕೋಡಿಬೆಂಗ್ರೆಯಲ್ಲಿ ಸುವರ್ಣಾ ನದಿ. ನೋಡಲು ಅದೇ ಸೊಗಸು. ಆದರೆ ನಡೆಯಲು ಕಲಿತ ಮಗು ಟೆಂಟಿನಿಂದ ಹೊರಬಿದ್ದರೆ ಯಾವ ಕಡೆಗೆ ಹೋದರೂ ನೀರೇ. ಹೊಳೆಯ ಬದಿಯನ್ನು ಯಾರೂ ಕಾಯುವುದಿಲ್ಲ, ಕಡಲ ಬದಿಯ ಜೀವರಕ್ಷಕರ ಪಾಳಿ ಕತ್ತಲಾದ ಮೇಲೆ ಇರುವುದಿಲ್ಲ. ಕುಟುಂಬಗಳ ಭಾಗಕ್ಕೆ ಎರಡೂ ನೀರಿನ ಕಡೆ ಗಟ್ಟಿ ಬೇಲಿ, ಒಂದೇ ಬಾಗಿಲು, ಆ ಬಾಗಿಲಲ್ಲಿ ರಾತ್ರಿಯಿಡೀ ಎಚ್ಚರ ಇರುವ ಇಬ್ಬರು ಇಲ್ಲದೆ ಅಲ್ಲಿ ಟೆಂಟಿಗೆ ಅನುಮತಿ ಕೊಡಬಾರದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚು. ಹುಣ್ಣಿಮೆಯ ರಾತ್ರಿ ಸಂಗೀತ ಎಂದು ಜಾಹೀರಾತು ಮಾಡುವವರು ಅಂದು ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಊರಿನ ಮೀನುಗಾರ ಮೊಗವೀರರನ್ನು ಕೇಳಿ ಟೆಂಟಿನ ಗೆರೆ ಎಳೆಯಲಿ. ಅವರಿಗೆ ತಿಳಿದಷ್ಟು ಯಾವ ಇವೆಂಟ್ ಕಂಪೆನಿಗೂ ತಿಳಿದಿಲ್ಲ.

ಆಸ್ಪತ್ರೆಯ ದಾರಿಯನ್ನೂ ಮೊದಲೇ ಯೋಚಿಸಬೇಕು. ತಣ್ಣೀರುಬಾವಿಯಲ್ಲಿ ನಿಂತು ನೋಡಿದರೆ ನಗರ ಹೊಳೆಯಾಚೆ ಕೈಗೆ ಸಿಗುವ ಹಾಗೆ ಕಾಣುತ್ತದೆ. ನಡುರಾತ್ರಿ ಮಗುವಿಗೆ ಜ್ವರ ನೆತ್ತಿಗೇರಿದರೆ ಹೊಳೆ ದಾಟಿಸುವ ಸುಲ್ತಾನ್ ಬತ್ತೇರಿಯ ದೋಣಿ ಇರುವುದಿಲ್ಲ. ಕೂಳೂರು ಸೇತುವೆ ಸುತ್ತಿ ವೆನ್ಲಾಕ್ ಆಸ್ಪತ್ರೆಗೆ ಬರಬೇಕು. ಅದೇ ದಾರಿಯಲ್ಲಿ ಹಬ್ಬಕ್ಕೆ ಬಂದ ಸಾವಿರಾರು ಕಾರುಗಳು ಸಾಲುಗಟ್ಟಿರುತ್ತವೆ. 108ಕ್ಕೆ ಕರೆ ಮಾಡಿದರೆ ಬರುವ ಗಾಡಿ ಒಳಗೆ ಹೊಕ್ಕುವುದು ಹೇಗೆ? ಒಂದು ಅಂಬುಲೆನ್ಸ್ ಒಳಗೇ ನಿಂತಿರಲಿ, ಅದಕ್ಕೆಂದೇ ಖಾಲಿ ಬಿಟ್ಟ ದಾರಿ ಇರಲಿ. ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಮಕ್ಕಳ ಅಳತೆಯ ಸಾಮಾನು, ಓಆರ್‌ಎಸ್, ಮಕ್ಕಳನ್ನು ನೋಡಿ ಅಭ್ಯಾಸವಿರುವ ಒಬ್ಬ ದಾದಿ ಇರಲಿ.

ಕಳೆದುಹೋದ ಮಗುವಿನ ವಿಷಯದಲ್ಲಿ ನಮ್ಮ ಜಾತ್ರೆಗಳಿಗೆ ಅನುಭವವಿದೆ. ಉಡುಪಿಯ ಪರ್ಯಾಯದ ರಾತ್ರಿ ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ಮಕ್ಕಳು ಕೊನೆಗೆ ಮನೆ ಸೇರುತ್ತಾರೆ. "ಕೆಂಪು ಅಂಗಿ ಹಾಕಿದ ಮಗು ಸಿಕ್ಕಿದೆ, ಪೋಷಕರು ಬನ್ನಿ" ಎಂದು ಮೈಕಿನಲ್ಲಿ ಕೂಗುವುದು ನಮ್ಮ ಪದ್ಧತಿ. ಸಂಗೀತ ಹಬ್ಬದಲ್ಲಿ ಆ ಕೂಗು ಯಾರಿಗೂ ಕೇಳಿಸುವುದಿಲ್ಲ. ಅಲ್ಲದೆ ಅಪರಿಚಿತರ ನಡುವೆ ಮಗುವಿನ ಗುರುತನ್ನು ಹೀಗೆ ಸಾರುವುದು ಕ್ಷೇಮವೂ ಅಲ್ಲ, ಯಾರು ಬೇಕಾದರೂ ಬಂದು ನಮ್ಮದು ಅನ್ನಬಹುದು. ಬಾಗಿಲಲ್ಲೇ ಮಗುವಿನ ಕೈಗೆ ಪಟ್ಟಿ ಕಟ್ಟಿ, ಅದರ ಒಳಬದಿಯಲ್ಲಿ ಪೋಷಕರ ಮೊಬೈಲ್ ಸಂಖ್ಯೆ ಬರೆಯಬೇಕು. ದೂರದಿಂದ ಕಾಣುವ ಒಂದು ಡೇರೆ, ಅಲ್ಲಿ ಸದಾ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ. ಬಂದವರ ಸಂಖ್ಯೆಯನ್ನು ಪಟ್ಟಿಯ ಸಂಖ್ಯೆಗೆ ತಾಳೆ ನೋಡಿಯೇ ಮಗುವನ್ನು ಕೊಡಬೇಕು. ಮಕ್ಕಳ ಸಹಾಯವಾಣಿ 1098 ಅಲ್ಲಿ ದೊಡ್ಡದಾಗಿ ಬರೆದಿರಲಿ. ಆ ಡೇರೆಯ ಹಿಂಭಾಗದಲ್ಲೇ ಹಾಲೂಡಿಸಲು ಮರೆ, ಒಂದು ಫ್ಯಾನು, ಕುದಿಸಿದ ನೀರು, ಮಗುವಿನ ಬಟ್ಟೆ ಬದಲಿಸುವ ಮೇಜು ಇಟ್ಟರೆ ಬೇರೆ ಕಟ್ಟಡ ಬೇಕಾಗಿಲ್ಲ.

ನನ್ನ ಹಾಗಿನ ತಂದೆ ತಾಯಂದಿರಿಗೂ ಎರಡು ಮಾತು. ವ್ಯವಸ್ಥೆ ಎಷ್ಟೇ ಇದ್ದರೂ ಮಗುವಿನ ಹೊತ್ತಿಗೆ ನಾವು ನಡೆಯಬೇಕು, ವೇದಿಕೆಯ ಹೊತ್ತಿಗೆ ಮಗು ನಡೆಯಲಾರದು. ಇಷ್ಟದ ಕಲಾವಿದರು ಒಂಬತ್ತಕ್ಕೆ ಹಾಡಲು ನಿಂತಾಗ ಮಗು ಹಟಕ್ಕೆ ಬಿದ್ದರೆ ಟೆಂಟಿಗೆ ವಾಪಸು ಹೋಗುವುದೇ ಸರಿ. ಇಬ್ಬರೂ ಪಾಳಿ ಹಾಕಿಕೊಳ್ಳಿ, ಆ ಪಾಳಿಯಲ್ಲಿ ಅಪ್ಪನ ಹೆಸರೂ ಇರಲಿ. ಬಾಣಂತನದ ಮಗುವನ್ನು, ಇನ್ನೂ ಕುತ್ತಿಗೆ ನಿಲ್ಲದ ಮಗುವನ್ನು ತರಬೇಡಿ. ಮನೆಯ ಅಂಗಳದಲ್ಲೋ ಟೆರೇಸಿನಲ್ಲೋ ಒಂದು ರಾತ್ರಿ ಟೆಂಟು ಹಾಕಿ ಮಲಗಿ ನೋಡಿ. ಅಲ್ಲಿ ನಿದ್ದೆ ಹೋಗದ ಮಗು ಬೀಚಿನಲ್ಲೂ ಹೋಗುವುದಿಲ್ಲ. ಹಗಲಿನ ಕಾರ್ಯಕ್ರಮ ನೋಡಿ ಸಂಜೆ ಮನೆಗೆ ಹೋಗುವುದರಲ್ಲೂ ಯಾವ ನಷ್ಟವೂ ಇಲ್ಲ. ಸಂಘಟಕರು ಅದಕ್ಕೂ ಒಂದು ಕಡಿಮೆ ದರದ ಟಿಕೆಟ್ ಇಟ್ಟರೆ ಎಷ್ಟೋ ಕುಟುಂಬಗಳು ಅದನ್ನೇ ಕೊಳ್ಳುತ್ತವೆ.

ಬೆಳಗಿನ ಹೊತ್ತಿಗೊಂದು ಕಾರ್ಯಕ್ರಮ ಯಾಕಿರಬಾರದು ಎಂಬುದು ನನ್ನ ಬಹುದಿನದ ಆಸೆ. ಮಕ್ಕಳು ಆರಕ್ಕೇ ಎದ್ದಿರುತ್ತಾರೆ, ದೊಡ್ಡವರ ಹಬ್ಬ ಶುರುವಾಗುವುದು ಸಂಜೆ ನಾಲ್ಕರ ಮೇಲೆ. ಬಿಸಿಲೇರುವ ಮೊದಲು, ಏಳೂವರೆಯಿಂದ ಒಂಬತ್ತರವರೆಗೆ, ಮೈಕಿಲ್ಲದೆ, ಗಾಳಿಮರದ ನೆರಳಲ್ಲಿ ಒಬ್ಬರು ಕೊಳಲು ಊದಲಿ. ಒಬ್ಬರು ಚೆಂಡೆ ಹೇಗೆ ನುಡಿಸುತ್ತಾರೆಂದು ತೋರಿಸಲಿ, ಮಕ್ಕಳು ಕೋಲು ಹಿಡಿದು ಒಂದು ಪೆಟ್ಟು ಹಾಕಲಿ. ಊರಿನ ಹಿರಿಯರೊಬ್ಬರು ತುಳುವಿನ ಜನಪದ ಕಥನ ಹಾಡಾದ ಪಾಡ್ದನ ಹೇಳಲಿ. ರಾತ್ರಿ ದೊಡ್ಡ ವೇದಿಕೆಯಲ್ಲಿ ನುಡಿಸಿದ ಕಲಾವಿದರು ಬಂದು ಮಕ್ಕಳ ನಡುವೆ ಕೂತು ತಮ್ಮ ವಾದ್ಯವನ್ನು ಮುಟ್ಟಲು ಕೊಟ್ಟರೆ ಮಗುವಿಗೆ ಅದಕ್ಕಿಂತ ದೊಡ್ಡ ಕಛೇರಿ ಬೇಕೇ? ಈ ಒಂದೂವರೆ ಗಂಟೆಗಾಗಿ ನಾನಂತೂ ಟಿಕೆಟಿನ ಪೂರ್ತಿ ಹಣ ಕೊಡುತ್ತೇನೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಮಳೆ ನಿಂತು ಅನುಮತಿಯ ಅರ್ಜಿಗಳು ಬರುವ ಮೊದಲು ಒಂದು ಸಭೆ ಕರೆಯಿರಿ. ಸಂಘಟಕರು, ಪೊಲೀಸರು, ಅಗ್ನಿಶಾಮಕ ದಳ, ಆರೋಗ್ಯ ಇಲಾಖೆ, ಮಕ್ಕಳ ರಕ್ಷಣಾ ಘಟಕದವರ ಜೊತೆಗೆ ಆಯಾ ತೀರದ ಮೀನುಗಾರರನ್ನೂ ನಾಲ್ಕೈದು ತಾಯಂದಿರನ್ನೂ ಕೂರಿಸಿ. ಅಲ್ಲಿ ತೀರ್ಮಾನವಾದದ್ದನ್ನು ಅನುಮತಿ ಪತ್ರದ ಷರತ್ತುಗಳಲ್ಲಿ ಸೇರಿಸಿ, ಪಾಲಿಸದಿದ್ದರೆ ಕುಟುಂಬಗಳ ಟೆಂಟಿಗೆ ಅವಕಾಶವಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ, ಆ ಪತ್ರವನ್ನು ಟಿಕೆಟ್ ಕೊಳ್ಳುವವರಿಗೆ ಓದಲು ಸಿಗುವ ಹಾಗೆ ಇಡಿ. ಸಭೆಗೆ ನನ್ನನ್ನು ಕರೆದರೆ ಬರುತ್ತೇನೆ. ಹಗಲು ಹನ್ನೊಂದರ ಸುಮಾರಿಗೆ ಇಟ್ಟರೆ ಅನುಕೂಲ, ಮಕ್ಕಳನ್ನು ಎತ್ತಿಕೊಂಡು ಬರುವವರು ನಾವು ಹಲವರಿದ್ದೇವೆ.

ಇತಿ,
ಸುರತ್ಕಲ್ ಕಡೆಯ ಒಬ್ಬ ತಾಯಿ